ವಜಾ, ಅಮಾನತು, ಬಹಿಷ್ಕಾರ: ಕನ್ನಡದಲ್ಲಿ ಪದಚ್ಯುತಿಯ ಪದಗಳು ಮತ್ತು ಅಪಮಾನದ ಅರ್ಥವಿಸ್ತಾರ

೧

ಒಬ್ಬ ವ್ಯಕ್ತಿಯನ್ನು ಆತನ ಉದ್ಯೋಗದಿಂದ ಹೊರಹಾಕುವ ಕ್ರಿಯೆಯನ್ನು ಒಂದು ಭಾಷಾಸಮುದಾಯ ಯಾವ ಪದಗಳಿಂದ ಹೆಸರಿಸುತ್ತದೆ, ಆ ಕ್ರಿಯೆಯ ಬೆನ್ನಿಗೇ ಬರುವ ಅಪಮಾನವನ್ನು ಯಾವ ಪದಗಳಿಂದ ಗುರುತಿಸುತ್ತದೆ ಎಂಬುದು ಮೇಲ್ನೋಟಕ್ಕೆ ನಿಘಂಟುಕಾರರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಂತೆ ತೋರುತ್ತದೆ. ಆದರೆ ಈ ಎರಡು ಪದಸಮೂಹಗಳು ಬೇರೆ ಬೇರೆ ಮೂಲಗಳಿಂದ ಬಂದವುಗಳಾಗಿದ್ದು, ಬಳಕೆಯಲ್ಲಿ ಒಂದರೊಳಗೊಂದು ಬೆರೆತುಹೋಗಿದ್ದರೆ, ಆ ಬೆರಕೆಯ ಪರಿಣಾಮವನ್ನು ಅನುಭವಿಸುವವರು ನಿಘಂಟುಕಾರರಲ್ಲ, ಕೆಲಸ ಕಳೆದುಕೊಂಡವರು. ಕನ್ನಡದ ಸಂದರ್ಭದಲ್ಲಿ ಹೀಗೆಯೇ ಆಗಿದೆ ಎಂಬುದು ಪ್ರಸ್ತುತ ಲೇಖನದ ವಾದ. ಹೊರಹಾಕುವುದಕ್ಕೆ ನಾವು ಬಳಸುವ ಕಛೇರಿಯ ಮಾತು ಬಹುಮಟ್ಟಿಗೆ ಲೆಕ್ಕಪತ್ರದ ಮಾತು. ಅಪಮಾನಕ್ಕೆ ನಾವು ಬಳಸುವ ಮಾತು ಜಾತಿಯಿಂದ, ಮನೆಯಿಂದ, ಮನುಷ್ಯನ ಮೈಯಿಂದ ಬಂದದ್ದು. ಕಛೇರಿ ಮೊದಲನೆಯ ಭಾಷೆಯಲ್ಲಿ ಆದೇಶ ಬರೆಯುತ್ತದೆ. ಸಮಾಜ ಅದನ್ನು ಎರಡನೆಯ ಭಾಷೆಯಲ್ಲಿ ಓದುತ್ತದೆ.

ಈ ವಾದವನ್ನು ಪದಗಳ ನಿಷ್ಪತ್ತಿ, ಸೇವಾ ನಿಯಮಗಳ ಪರಿಭಾಷೆ ಹಾಗೂ ಕೆಲವು ಸಾಹಿತ್ಯಕೃತಿಗಳ ನೆರವಿನಿಂದ ಇಲ್ಲಿ ಪರಿಶೀಲಿಸಲಾಗಿದೆ.

೨

ಮೊದಲಿಗೆ ಕಛೇರಿಯ ಪದಗಳನ್ನು ನೋಡಬಹುದು. ಇಂದಿಗೂ ಅತ್ಯಂತ ಬಳಕೆಯಲ್ಲಿರುವ ‘ವಜಾ’ ಎಂಬುದು ಅರಬ್ಬೀ ಮೂಲದ್ದು. ಇಡುವುದು, ಇಳಿಸುವುದು, ಮೊತ್ತದಿಂದ ಕಳೆಯುವುದು ಎಂಬ ಅರ್ಥಗಳಿಂದ ಹೊರಟು ಪಾರಸಿಯ ಆಡಳಿತದ ಮೂಲಕ ದಖನ್ನಿನ ಭಾಷೆಗಳಿಗೆ ಬಂದಿತು. ಮರಾಠಿಯಲ್ಲಿ ಇಂದಿಗೂ ಅದಕ್ಕೆ ವ್ಯವಕಲನ ಎಂಬ ಅರ್ಥವಿದೆ. ಕನ್ನಡದಲ್ಲಿಯೂ ಸಂಬಳದಲ್ಲಿ ಇಂತಿಷ್ಟು ವಜಾ ಮಾಡಿಕೊಂಡರು ಎಂಬ ಬಳಕೆ ಇದೆ. ನ್ಯಾಯಾಲಯದಲ್ಲಿ ಅರ್ಜಿ ವಜಾ ಆಗುತ್ತದೆ, ಮೇಲ್ಮನವಿ ವಜಾ ಆಗುತ್ತದೆ. ಇಲ್ಲೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳದೆ ಬದಿಗಿರಿಸಿದರು ಎಂಬುದೇ ತಾತ್ಪರ್ಯ. ಹೀಗಾಗಿ ‘ನೌಕರನನ್ನು ವಜಾ ಮಾಡಲಾಗಿದೆ’ ಎಂಬ ವಾಕ್ಯದ ಮೂಲಾರ್ಥ ಆತನನ್ನು ಸಂಬಳದ ಪಟ್ಟಿಯ ಮೊತ್ತದಿಂದ ಕಳೆಯಲಾಗಿದೆ ಎಂಬಷ್ಟೇ.

ಗಮನಾರ್ಹವೆಂದರೆ ಇದೇ ಕಲ್ಪನೆ ಅಚ್ಚಗನ್ನಡದ ‘ಕಳೆ’ ಧಾತುವಿನಲ್ಲಿಯೂ ಇದೆ. ಕೂಡುವ ಲೆಕ್ಕ, ಕಳೆಯುವ ಲೆಕ್ಕ ಎಂದು ಶಾಲೆಯಲ್ಲಿ ಕಲಿತ ಮಾತೇ ‘ಕೆಲಸ ಕಳೆದುಕೊಂಡ’ ಎಂಬಲ್ಲಿ ಮರಳುತ್ತದೆ. ಆದರೆ ಇಲ್ಲೊಂದು ಪಲ್ಲಟವಿದೆ. ವಜಾ ಮಾಡುವವನು ಯಜಮಾನ, ಕಳೆದುಕೊಳ್ಳುವವನು ನೌಕರ. ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದ ಸೇರಿದೊಡನೆ ಕ್ರಿಯೆಯ ಕರ್ತೃ ಬದಲಾಗುತ್ತಾನೆ. ಕೊಡೆಯನ್ನೋ ಪರ್ಸನ್ನೋ ಕಳೆದುಕೊಂಡವನಲ್ಲಿ ಒಂದಿಷ್ಟು ಅಜಾಗರೂಕತೆಯನ್ನು ನಾವು ಕಲ್ಪಿಸಿಕೊಳ್ಳುತ್ತೇವೆ. ಕೆಲಸ ಕಳೆದುಕೊಂಡವನ ವಿಷಯದಲ್ಲಿಯೂ ಆ ಛಾಯೆ ಸದ್ದಿಲ್ಲದೆ ಉಳಿದುಬಿಡುತ್ತದೆ.

‘ಬರತರಫು’ ಎಂಬುದು ಪಾರಸಿ. ‘ಒಂದು ಪಕ್ಕಕ್ಕೆ’ ಎಂಬುದು ಅದರ ಅಕ್ಷರಾರ್ಥ. ಹಳೆಯ ದಫ್ತರಗಳ ಈ ಪದ ಈಗ ಅಪರೂಪವಾಗಿದ್ದರೂ ಮರಾಠಿಯಲ್ಲಿ ‘ಬಡತರ್ಫ’ ಎಂಬ ರೂಪದಲ್ಲಿ ಜೀವಂತವಾಗಿದೆ. ‘ಅಮಾನತು’ ಅರಬ್ಬೀ, ನಂಬಿಕೆಯಿಂದ ಒಬ್ಬರ ವಶಕ್ಕೆ ಒಪ್ಪಿಸಿಟ್ಟ ವಸ್ತು, ಠೇವಣಿ ಎಂಬುದು ಅದರ ಅರ್ಥ. ಉತ್ತರ ಕರ್ನಾಟಕದ ಸಹಕಾರಿ ಬ್ಯಾಂಕುಗಳಲ್ಲಿ ಜನ ಇಡುವ ಅಮಾನತೂ, ತಹಶೀಲ್ದಾರ ಕಛೇರಿಯಲ್ಲಿ ಗುಮಾಸ್ತನ ಮೇಲೆ ಹೊರಡುವ ಅಮಾನತೂ ಒಂದೇ ಪದ. ಮೊದಲನೆಯದು ಹಾಗೆಯೇ ಹಿಂದಿರುಗಿಸಬೇಕಾದ ವಸ್ತು. ಎರಡನೆಯದರಲ್ಲಿಯೂ ತಾತ್ವಿಕವಾಗಿ ಅದೇ ಆಶಯವಿದೆ: ವಿಚಾರಣೆ ಮುಗಿಯುವವರೆಗೆ ಈ ವ್ಯಕ್ತಿಯನ್ನು ಕೆಡದಂತೆ ತೆಗೆದಿರಿಸಲಾಗಿದೆ.

‘ರಾಜೀನಾಮೆ’ಯ ಕಥೆ ಇನ್ನೂ ವಿಚಿತ್ರವಾದುದು. ‘ರಾಜಿ’ ಎಂದರೆ ಒಪ್ಪಿಗೆ. ‘ನಾಮೆ’ ಎಂದರೆ ಪತ್ರ. ಅದು ಒಪ್ಪಿಗೆಯ ಪತ್ರ. ಮುಂಬಯಿ ಪ್ರಾಂತದ ಕಂದಾಯ ವ್ಯವಸ್ಥೆಯಲ್ಲಿ ರೈತನು ತನ್ನ ಜಮೀನಿನ ಹಕ್ಕನ್ನು ಬಿಟ್ಟುಕೊಡುವ ಪತ್ರಕ್ಕೆ ಇದೇ ಹೆಸರಿತ್ತು. ಹಿಂದಿ–ಉರ್ದುಗಳಲ್ಲಿ ಬಳಕೆಯಾಗುವ ‘ಇಸ್ತೀಫಾ’ ಎಂಬ ಪದದಲ್ಲಿ ಬಿಡುಗಡೆಯನ್ನು, ಕ್ಷಮೆಯನ್ನು ಬೇಡುವ ಧ್ವನಿಯಿದ್ದರೆ, ಕನ್ನಡ–ಮರಾಠಿಗಳ ಪದದಲ್ಲಿ ಸಮ್ಮತಿಯ ಧ್ವನಿ ಇದೆ. ಆದರೆ ಕನ್ನಡ ಈ ಸಮ್ಮತಿಯ ಪದಕ್ಕೆ ಪ್ರೇರಣಾರ್ಥಕ ಪ್ರತ್ಯಯವನ್ನು ಸೇರಿಸಿ ‘ರಾಜೀನಾಮೆ ಕೊಡಿಸಿದರು’ ಎನ್ನುತ್ತದೆ. ‘ರಾಜೀನಾಮೆ ಪಡೆದರು’ ಎನ್ನುತ್ತದೆ. ಒಪ್ಪಿಗೆಯನ್ನು ಬಲವಂತವಾಗಿ ಪಡೆಯುವುದು ತರ್ಕಕ್ಕೆ ವಿರುದ್ಧವಾದರೂ ವ್ಯಾಕರಣಕ್ಕೆ ವಿರುದ್ಧವಲ್ಲ. ಅಧಿಕಾರದ ಅನೇಕ ಸತ್ಯಗಳು ಈ ಪ್ರತ್ಯಯದಲ್ಲಿ ಅಡಗಿವೆ.

ಇದಕ್ಕೆ ಎರಡು ನಿದರ್ಶನಗಳನ್ನು ಎದುರುಬದುರಾಗಿ ಇರಿಸಿ ನೋಡಬಹುದು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ೧೯೪೩ರಲ್ಲಿ, ತಮಗಿಂತ ಕಿರಿಯರೊಬ್ಬರನ್ನು ಮಂತ್ರಿಪದವಿಗೆ ಆರಿಸಿದಾಗ, ಮೈಸೂರು ಸಂಸ್ಥಾನದ ಸೇವೆಗೆ ರಾಜೀನಾಮೆ ಕೊಟ್ಟು ಹೊರಬಂದರು. ಇಲ್ಲಿ ಆ ಪತ್ರ ಆತ್ಮಗೌರವದ ಪತ್ರವಾಯಿತು. ೧೯೭೩ರ ನವೆಂಬರಿನಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಹುಭಾಗವನ್ನು ಬೂಸಾ ಎಂದು ಕರೆದದ್ದರಿಂದ ಎದ್ದ ಗಲಭೆಯ ಒತ್ತಡದಲ್ಲಿ ಅವರು ಸಚಿವಸ್ಥಾನವನ್ನು ಬಿಡಬೇಕಾಯಿತು. ಅದಕ್ಕೂ ರಾಜೀನಾಮೆ ಎಂದೇ ಹೆಸರು. ಒಂದೇ ಪದ ಮೊದಲನೆಯ ಸಂದರ್ಭದಲ್ಲಿ ಪ್ರತಿಭಟನೆಯನ್ನೂ ಎರಡನೆಯ ಸಂದರ್ಭದಲ್ಲಿ ದಂಡನೆಯನ್ನೂ ಸೂಚಿಸಿತು. ಆದರೆ ಬೂಸಾ ಪ್ರಕರಣದಲ್ಲಿ ಅಪಮಾನ ಉದ್ದೇಶಿತ ವ್ಯಕ್ತಿಯ ಮೇಲೆ ನಿಲ್ಲಲಿಲ್ಲ. ಅದು ದಲಿತ ಹಾಗೂ ಬಂಡಾಯ ಚಳುವಳಿಗಳಿಗೆ ಪ್ರಚೋದನೆಯಾಗಿ, ಪದವಿ ಬಿಟ್ಟವರಿಗಿಂತ ಬಿಡಿಸಿದ ಸಮಾಜವನ್ನೇ ಪ್ರಶ್ನೆಗೆ ಒಳಪಡಿಸಿತು.

೩

ಕಛೇರಿಯ ಈ ಪದಗಳಲ್ಲಿ ಎಲ್ಲಿಯೂ ನೇರವಾದ ನಿಂದೆಯಿಲ್ಲ. ಹಾಗಾದರೆ ಅವಮಾನ ಎಲ್ಲಿಂದ ಬಂದು ಸೇರುತ್ತದೆ? ಅದನ್ನು ತಿಳಿಯಲು ಹೊರಹಾಕುವಿಕೆಯ ಇನ್ನೆರಡು ಪದಸಮೂಹಗಳನ್ನು ಗಮನಿಸಬೇಕು.

ಮೊದಲನೆಯದು ಸಂಸ್ಕೃತದ್ದು. ಪದಚ್ಯುತಿ, ಪದಭ್ರಷ್ಟ, ಅಧಿಕಾರಚ್ಯುತ ಎಂಬ ಪದಗಳಲ್ಲಿರುವ ‘ಚ್ಯು’, ‘ಭ್ರಂಶ್’ ಧಾತುಗಳಿಗೆ ಜಾರು, ಬೀಳು ಎಂಬ ಅರ್ಥ. ಇಲ್ಲಿ ಕೆಳಗೆ ತಳ್ಳಿದವರು ಕಾಣುವುದಿಲ್ಲ. ಬಿದ್ದವನು ಮಾತ್ರ ಕಾಣುತ್ತಾನೆ. ಪದಭ್ರಷ್ಟ ಎಂಬುದರ ಮಗ್ಗುಲಲ್ಲಿಯೇ ಜಾತಿಭ್ರಷ್ಟ, ಶೀಲಭ್ರಷ್ಟ ಎಂಬ ಪದಗಳು ಇವೆ. ‘ಭ್ರಷ್ಟ’ ಎಂಬುದು ಇಂದು ಲಂಚಕೋರ ಎಂಬ ಅರ್ಥಕ್ಕೆ ನಿಂತಿರುವುದರಿಂದ, ಕೇವಲ ಸ್ಥಾನ ಕಳೆದುಕೊಂಡವನೂ ನಡತೆ ಕೆಟ್ಟವನಂತೆ ಕೇಳಿಸುತ್ತಾನೆ. ‘ಉಚ್ಚಾಟನೆ’ಯಾದರೋ ಶಾಂತಿ, ವಶ್ಯ, ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣ ಎಂಬ ತಾಂತ್ರಿಕ ಷಟ್ಕರ್ಮಗಳಲ್ಲಿ ಒಂದು. ದೆವ್ವ ಬಿಡಿಸುವ ಸಂದರ್ಭಕ್ಕೂ ಬಳಸುವ ಆ ಪದವನ್ನು ರಾಜಕೀಯ ಪಕ್ಷಗಳು ತಮ್ಮ ಸದಸ್ಯರ ಮೇಲೆ ನಿರಾಯಾಸವಾಗಿ ಪ್ರಯೋಗಿಸುತ್ತವೆ.

ಎರಡನೆಯದು ದೇಶೀಯ ಪದಸಮೂಹ: ತೆಗೆದುಹಾಕು, ಕಿತ್ತುಹಾಕು, ಹೊರದಬ್ಬು, ಮನೆಗೆ ಕಳಿಸು. ಇವು ಹೊಲ, ಮನೆ, ಹೊಸ್ತಿಲುಗಳ ಮಾತುಗಳು. ಕಿತ್ತುಹಾಕುವುದು ಬೇರಿರುವುದನ್ನು. ‘ಮನೆಗೆ ಕಳಿಸಿದರು’ ಎಂಬಲ್ಲಿ ಮನೆಯೇ ಶಿಕ್ಷೆಯ ಜಾಗವಾಗುತ್ತದೆ. ಹಗಲಿನ ಹೊತ್ತಿನಲ್ಲಿ ಗಂಡಸು ಮನೆಯಲ್ಲಿರುವುದೇ ನೆರೆಯವರಿಗೆ ಒಂದು ಪ್ರಕಟಣೆ. ಅಪಮಾನವನ್ನು ಸೂಚಿಸುವ ನುಡಿಗಟ್ಟುಗಳೂ ದೇಹಕ್ಕೆ ಅಂಟಿಕೊಂಡಿವೆ: ತಲೆ ತಗ್ಗಿಸು, ಮುಖಕ್ಕೆ ಮಸಿ ಬಳಿ, ಮುಖ ತೋರಿಸದಂತಾಗು. ‘ಮುಖಭಂಗ’ ಇಂದು ಚುನಾವಣೆ ಸೋತ ಪಕ್ಷಕ್ಕೆ ಮೀಸಲಾಗಿ ತನ್ನ ಮೊನಚನ್ನು ಬಹುಪಾಲು ಕಳೆದುಕೊಂಡಿದೆ. ‘ಮಾನಭಂಗ’ವು ಹೆಣ್ಣಿನ ಮೇಲಿನ ದೌರ್ಜನ್ಯಕ್ಕೆ ಸೀಮಿತವಾಗಿ ಗಂಡಿನ ಉದ್ಯೋಗಕ್ಷೇತ್ರದಿಂದ ದೂರ ಸರಿದಿದೆ. ಮಾನ ಎಂಬ ಪದಕ್ಕೆ ಗೌರವವೆಂಬಂತೆ ಅಳತೆಯೆಂಬ ಅರ್ಥವೂ ಇದೆ. ಧಾನ್ಯ ಅಳೆಯುವ ಒಂದು ಪ್ರಮಾಣಕ್ಕೂ ಆ ಹೆಸರಿತ್ತು. ಆದರೂ ಅಳೆದು ಕೊಡಬಹುದಾದ ವಸ್ತುವಾಗಿ ಗೌರವವನ್ನು ನಮ್ಮ ಭಾಷೆ ಕಂಡಿಲ್ಲ. ಮಾನ ಇರುತ್ತದೆ ಅಥವಾ ಹೋಗುತ್ತದೆ. ಅರ್ಧ ಹೋದ ಮಾನ ಎಂಬುದಿಲ್ಲ.

ಈ ಎಲ್ಲ ಪದಗಳ ಹಿಂದೆ ನಿಂತಿರುವ ದೊಡ್ಡ ಮಾದರಿ ಬಹಿಷ್ಕಾರದ್ದು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ಪತಿತನಾದವನನ್ನು ಬಂಧುಗಳು ತ್ಯಜಿಸುವ ವಿಧಿಯನ್ನು ವಿವರಿಸುತ್ತದೆ: ಬದುಕಿರುವಾಗಲೇ ಆತನಿಗೆ ಉದಕಕ್ರಿಯೆ ಮಾಡಿ, ದಾಸಿಯೊಬ್ಬಳು ನೀರು ತುಂಬಿದ ಕೊಡವನ್ನು ಕಾಲಿನಿಂದ ಉರುಳಿಸಬೇಕು. ಆ ಬಳಿಕ ಆತನೊಡನೆ ಮಾತಿಲ್ಲ, ಕೂಡಿ ಕುಳಿತುಕೊಳ್ಳುವುದಿಲ್ಲ, ದಾಯಭಾಗವಿಲ್ಲ. ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯೂ ೧೯೭೭ರಲ್ಲಿ ಗಿರೀಶ್ ಕಾಸರವಳ್ಳಿಯವರು ಅದನ್ನು ಆಧರಿಸಿ ನಿರ್ದೇಶಿಸಿದ ಚಲನಚಿತ್ರವೂ ಇಂತಹ ವಿಧಿಯ ಕ್ರೌರ್ಯವನ್ನು ಯಮುನಕ್ಕನ ಮೂಲಕ ನಮ್ಮ ಮುಂದಿಟ್ಟಿವೆ. ಸತ್ತಂತೆ ಎಣಿಸಲ್ಪಟ್ಟ ಜೀವಂತ ವ್ಯಕ್ತಿಯ ಈ ಚಿತ್ರವೇ, ನಮಗೆ ಅರಿವಿಲ್ಲದೆ, ಕೆಲಸದಿಂದ ಹೊರಬಂದವನ ಮೇಲೆಯೂ ಬೀಳುತ್ತದೆ. ಮದುವೆ ಮಾತುಕತೆಗಳು ನಿಲ್ಲುತ್ತವೆ. ಹಳೆಯ ಸಹೋದ್ಯೋಗಿಗಳು ಎದುರಾದರೆ ದಾರಿ ಬದಲಿಸುತ್ತಾರೆ. ನಿವೃತ್ತಿಯ ಬೀಳ್ಕೊಡುಗೆಗಳಿಗೆ ಆಹ್ವಾನ ಬರುವುದಿಲ್ಲ. ಯಾವ ಸೇವಾ ನಿಯಮವೂ ಇವನ್ನು ವಿಧಿಸಿಲ್ಲ.

೪

ಸೇವಾ ನಿಯಮಗಳು ನಿಜವಾಗಿ ಏನನ್ನು ವಿಧಿಸಿವೆ ಎಂಬುದನ್ನು ಈಗ ನೋಡಬಹುದು. ಭಾರತ ಸಂವಿಧಾನದ ೩೧೧ನೆಯ ಅನುಚ್ಛೇದವು ವಜಾ ಮಾಡುವುದು, ತೆಗೆದುಹಾಕುವುದು, ದರ್ಜೆ ಇಳಿಸುವುದು ಎಂಬ ಮೂರನ್ನು ಬೇರೆ ಬೇರೆಯಾಗಿ ಹೆಸರಿಸಿ, ಸಾಮಾನ್ಯವಾಗಿ ಆರೋಪಗಳನ್ನು ತಿಳಿಸಿ ವಿಚಾರಣೆ ನಡೆಸದೆ ಇವುಗಳಲ್ಲಿ ಯಾವುದನ್ನೂ ಮಾಡಕೂಡದೆಂದು ಹೇಳುತ್ತದೆ. ೧೯೫೭ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು ವಾಗ್ದಂಡನೆಯಿಂದ ವಜಾದವರೆಗೆ ದಂಡನೆಗಳನ್ನು ಶ್ರೇಣೀಕರಿಸಿ, ಕೊನೆಯ ಎರಡರ ನಡುವೆ ಒಂದು ಮುಖ್ಯ ವ್ಯತ್ಯಾಸವನ್ನು ಮಾಡುತ್ತವೆ. ಸೇವೆಯಿಂದ ತೆಗೆದುಹಾಕಲ್ಪಟ್ಟವನು ಮುಂದೆ ಸರ್ಕಾರಿ ಉದ್ಯೋಗಕ್ಕೆ ಅನರ್ಹನಾಗುವುದಿಲ್ಲ. ವಜಾ ಆದವನು ಸಾಮಾನ್ಯವಾಗಿ ಅನರ್ಹನಾಗುತ್ತಾನೆ. ಅಂದರೆ ‘ತೆಗೆದುಹಾಕು’ ಎಂಬಲ್ಲಿ ಕಾನೂನು ಒಂದು ಬಾಗಿಲನ್ನು ತೆರೆದಿಟ್ಟಿದೆ. ಆದರೆ ಆಡುಮಾತಿನಲ್ಲಿಯೂ ಪತ್ರಿಕೆಗಳ ಶೀರ್ಷಿಕೆಗಳಲ್ಲಿಯೂ ಎರಡೂ ‘ವಜಾ’ ಎಂದೇ ಆಗಿ ಆ ಬಾಗಿಲು ಮುಚ್ಚಿಹೋಗುತ್ತದೆ.

ಅಮಾನತಿನ ವಿಷಯದಲ್ಲಿ ಅಂತರ ಇನ್ನೂ ಹೆಚ್ಚು. ಅದು ದಂಡನೆಗಳ ಪಟ್ಟಿಯಲ್ಲಿಯೇ ಇಲ್ಲ. ವಿಚಾರಣೆಗೆ ಅಡ್ಡಿಯಾಗದಿರಲೆಂದು ಕೈಗೊಳ್ಳುವ ತಾತ್ಕಾಲಿಕ ಕ್ರಮ ಅದು. ಆ ಅವಧಿಯಲ್ಲಿಯೂ ಆತ ನೌಕರನೇ ಆಗಿದ್ದು ಜೀವನಾಧಾರ ಭತ್ಯೆಗೆ ಅರ್ಹನಾಗಿರುತ್ತಾನೆ. ಆದರೂ ‘ಸಸ್ಪೆಂಡ್ ಆದನಂತೆ’ ಎಂಬ ಮಾತು ಊರಿಗೆ ತಲುಪುವಾಗ ತೀರ್ಪಿನ ರೂಪವನ್ನು ತಾಳಿರುತ್ತದೆ. ಠೇವಣಿಯಾಗಿ ಇಡಲ್ಪಟ್ಟವನನ್ನು ಸಮಾಜ ಆಗಲೇ ಖರ್ಚು ಹಾಕಿರುತ್ತದೆ.

ವೃತ್ತಿಸಂಘಗಳಲ್ಲಿ ನಡೆಯುವ ಹೊರಹಾಕುವಿಕೆಯ ಪರಿಭಾಷೆಯೂ ಇಲ್ಲಿ ಪ್ರಸ್ತುತ. ೧೯೬೧ರ ವಕೀಲರ ಕಾಯಿದೆಯು ವೃತ್ತಿದುರ್ನಡತೆಗಾಗಿ ಎಚ್ಚರಿಕೆ ಕೊಡಲು, ಒಂದು ಅವಧಿಗೆ ವೃತ್ತಿಯಿಂದ ದೂರವಿಡಲು, ಅಂತಿಮವಾಗಿ ರಾಜ್ಯದ ವಕೀಲರ ಪಟ್ಟಿಯಿಂದ ಹೆಸರನ್ನು ತೆಗೆಯಲು ಅವಕಾಶ ನೀಡುತ್ತದೆ. ಜನರ ಮಾತಿನಲ್ಲಿ ಇದು ‘ಸನ್ನದು ರದ್ದು’. ಸನ್ನದು ಒಂದು ಕಾಗದ. ರದ್ದಾಗುವುದು ಆ ಕಾಗದ. ಆದರೆ ಕಾನೂನಿನ ಮಾತಿನಲ್ಲಿ ತೆಗೆಯಲ್ಪಡುವುದು ‘ಹೆಸರು’. ಕನ್ನಡದಲ್ಲಿ ಹೆಸರು ಎಂದರೆ ಅಂಕಿತನಾಮವೂ ಹೌದು, ಕೀರ್ತಿಯೂ ಹೌದು. ಪಟ್ಟಿಯಿಂದ ಹೆಸರು ಹೋಯಿತು ಎಂಬುದಕ್ಕೂ ಊರಿನಲ್ಲಿ ಹೆಸರು ಹೋಯಿತು ಎಂಬುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ವಾಕ್ಯ ಸಾಕಾಗುತ್ತದೆ.

ನ್ಯಾಯಾಂಗವೂ ಅಪಮಾನದ ಪ್ರಶ್ನೆಯನ್ನು ಬದಿಗಿರಿಸಿಲ್ಲ. ಪರಶೋತ್ತಮ ಲಾಲ್ ಧಿಂಗ್ರಾ ಪ್ರಕರಣದಲ್ಲಿ ೧೯೫೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸೇವೆಯ ಸರಳ ಮುಕ್ತಾಯಕ್ಕೂ ದಂಡನಾರೂಪದ ಮುಕ್ತಾಯಕ್ಕೂ ಭೇದ ಕಲ್ಪಿಸಿತು. ಅನಂತರದ ತೀರ್ಪುಗಳಲ್ಲಿ, ಪರೀಕ್ಷಾರ್ಥ ಅವಧಿಯ ನೌಕರನನ್ನು ಬಿಡುಗಡೆ ಮಾಡುವ ಆದೇಶವು ಆತನಿಗೆ ‘ಕಳಂಕ’ ಹಚ್ಚುತ್ತದೆಯೇ ಎಂಬುದು ಒಂದು ಪರೀಕ್ಷೆಯಾಗಿ ಬೆಳೆಯಿತು. ಆದೇಶದ ಭಾಷೆಯೇ ಗಾಯ ಮಾಡಬಲ್ಲದೆಂದು, ಹಾಗೆ ಗಾಯ ಮಾಡುವಂತಿದ್ದರೆ ವಿಚಾರಣೆ ಕಡ್ಡಾಯವೆಂದು ಕಾನೂನು ಒಪ್ಪಿಕೊಂಡಂತಾಯಿತು. ಆದರೆ ನ್ಯಾಯಾಲಯ ಪರಿಶೀಲಿಸಬಲ್ಲುದು ಆದೇಶದ ಭಾಷೆಯನ್ನು ಹಾಗೂ ಅದರ ಹಿಂದಿನ ಸಂದರ್ಭವನ್ನು, ಬೀದಿಯ ಭಾಷೆಯನ್ನಲ್ಲ.

ಖಾಸಗಿ ಉದ್ಯಮಗಳಲ್ಲಿಯೂ ಇದೇ ಸ್ಥಿತಿ. ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಗೆ ೧೯೫೩ರಲ್ಲಿ ಸೇರಿದ ವ್ಯಾಖ್ಯೆಗಳು ತಾತ್ಕಾಲಿಕವಾಗಿ ಕೆಲಸ ಕೊಡಲಾಗದ ಲೇ-ಆಫ್ ಸ್ಥಿತಿಯನ್ನೂ, ಶಿಸ್ತುಕ್ರಮವಲ್ಲದ ಕಾರಣಗಳಿಂದ ಕಾರ್ಮಿಕನನ್ನು ಸೇವೆಯಿಂದ ಬಿಡಿಸುವುದನ್ನೂ ದಂಡನೆಯಿಂದ ಸ್ಪಷ್ಟವಾಗಿ ಬೇರ್ಪಡಿಸಿದ್ದವು. ಇಂದು ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಕಂಪೆನಿಗಳಿಂದ ಹೊರಬಿದ್ದವರನ್ನು ಕುರಿತು ಪತ್ರಿಕೆಗಳು ‘ಉದ್ಯೋಗ ಕಡಿತ’ ಎಂದು ಬರೆಯುತ್ತವೆ. ಇದು ಒಂದು ದೃಷ್ಟಿಯಿಂದ ಸೌಜನ್ಯದ ಪದ. ಕತ್ತರಿಸಲ್ಪಟ್ಟದ್ದು ಉದ್ಯೋಗವೇ ಹೊರತು ವ್ಯಕ್ತಿಯಲ್ಲ. ಆದರೆ ಅದೇ ವ್ಯಕ್ತಿ ಊರಿಗೆ ಬಂದಾಗ ಕೇಳಬೇಕಾದ ಮಾತು ‘ಕೆಲಸದಿಂದ ತೆಗೆದರಂತೆ’ ಎಂಬುದೇ.

೫

ಪದ ಮತ್ತು ಅಪಮಾನಗಳ ನಡುವಿನ ಈ ಕಂದರವನ್ನು ಕನ್ನಡ ಸಾಹಿತ್ಯ ಗುರುತಿಸಿದೆಯೇ? ಹಳೆಯದೊಂದು ನಿದರ್ಶನದಿಂದ ಆರಂಭಿಸಬಹುದು. ಬಸವಪುರಾಣ ಪರಂಪರೆಯಲ್ಲಿ, ಕನ್ನಡದಲ್ಲಿ ಭೀಮಕವಿಯು ೧೩೬೯ರಲ್ಲಿ ರಚಿಸಿದ ಕೃತಿಯೂ ಸೇರಿದಂತೆ, ಬಿಜ್ಜಳನ ಭಂಡಾರಿಯಾದ ಬಸವಣ್ಣನವರು ಅರಮನೆಯ ಹಣವನ್ನು ಜಂಗಮರಿಗೆ ವೆಚ್ಚ ಮಾಡುತ್ತಿದ್ದಾರೆಂಬ ದೂರು, ಅದನ್ನನುಸರಿಸಿ ಭಂಡಾರದ ತಪಾಸಣೆ, ಲೆಕ್ಕ ಸರಿಹೊಂದುವಿಕೆ ಎಂಬ ಕಥಾನಕವಿದೆ. ಭಕ್ತರಿಗೆ ಅದು ಪವಾಡ. ನಮ್ಮ ಪ್ರಶ್ನೆಯ ದೃಷ್ಟಿಯಿಂದ ಅಲ್ಲಿ ಇನ್ನೊಂದು ಸಂಗತಿಯಿದೆ: ಆರೋಪ ಲೆಕ್ಕದ ಭಾಷೆಯಲ್ಲಿ ಬಂದಿತು, ಉತ್ತರವೂ ಲೆಕ್ಕದ ಭಾಷೆಯಲ್ಲಿಯೇ ದೊರೆಯಿತು, ಆರೋಪ ಸಾರ್ವಜನಿಕವಾಗಿತ್ತು, ನಿವಾರಣೆಯೂ ಸಾರ್ವಜನಿಕವಾಗಿತ್ತು. ದೂರಿದವರ ಎದುರಿನಲ್ಲಿಯೇ ಎಣಿಕೆ ನಡೆಯಿತು. ಇಂದಿನ ಇಲಾಖಾ ವಿಚಾರಣೆಗೆ ಇಲ್ಲದಿರುವುದು ಈ ಎದುರುತನವೇ.

ಆಧುನಿಕ ಸಂದರ್ಭದಲ್ಲಿ ಯಶವಂತ ಚಿತ್ತಾಲರ ‘ಶಿಕಾರಿ’ (೧೯೭೯) ಈ ವಸ್ತುವನ್ನು ಕುರಿತ ಕನ್ನಡದ ಅತ್ಯಂತ ಮಹತ್ವದ ಕಾದಂಬರಿ. ಸ್ವತಃ ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿದ ಚಿತ್ತಾಲರು, ಅಂತಹುದೇ ಕಂಪೆನಿಯೊಂದರ ಅಧಿಕಾರಿ ನಾಗಪ್ಪನನ್ನು ಇಲ್ಲಿ ಅಮಾನತಿನ ಸ್ಥಿತಿಗೆ ತಂದು ನಿಲ್ಲಿಸುತ್ತಾರೆ. ತನ್ನ ಮೇಲಿನ ಆರೋಪದ ಸ್ವರೂಪವೇ ಆತನಿಗೆ ಸ್ಪಷ್ಟವಾಗಿಲ್ಲ. ಈ ಕಾರಣಕ್ಕಾಗಿ ಕಾದಂಬರಿಯನ್ನು ಫ್ರಾಂಜ್ ಕಾಫ್ಕಾನ, ೧೯೨೫ರಲ್ಲಿ ಮರಣೋತ್ತರವಾಗಿ ಪ್ರಕಟವಾದ ‘ವಿಚಾರಣೆ’ಯೊಡನೆ ಹೋಲಿಸುವುದು ವಾಡಿಕೆ. ಹೋಲಿಕೆ ಅಸಂಗತವೇನಲ್ಲ, ಆದರೆ ಅದು ಕೃತಿಯ ಕನ್ನಡತನವನ್ನು ಮರೆಮಾಡುವ ಅಪಾಯವಿದೆ. ಕಾಫ್ಕಾನ ನಾಯಕನನ್ನು ಬೆನ್ನಟ್ಟುವುದು ಮುಖವಿಲ್ಲದ ನ್ಯಾಯವ್ಯವಸ್ಥೆ. ನಾಗಪ್ಪನನ್ನು ಬೆನ್ನಟ್ಟುವವರಿಗೆ ಮುಖಗಳಿವೆ, ಹೆಸರುಗಳಿವೆ. ಕಛೇರಿಯ ವಿಚಾರಣೆ ಬಹುಬೇಗ ಆತನ ಖಾಸಗಿ ಬದುಕಿನೊಳಕ್ಕೆ, ಬಾಲ್ಯದ ನೆನಪುಗಳೊಳಕ್ಕೆ ಇಳಿಯುತ್ತದೆ. ‘ನೀನು ಏನು ಮಾಡಿದೆ’ ಎಂಬಲ್ಲಿ ಆರಂಭವಾದ ಪ್ರಶ್ನೆ ‘ನೀನು ಯಾರು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಮೊದಲನೆಯದು ಕಛೇರಿಯ ಪ್ರಶ್ನೆ. ಎರಡನೆಯದು ಬಹಿಷ್ಕಾರ ಹಾಕುವ ಸಮುದಾಯದ ಪ್ರಶ್ನೆ. ಅಮಾನತು ಬಹಿಷ್ಕಾರವಾಗಿ ಮಾರ್ಪಡುವ ಈ ಪ್ರಕ್ರಿಯೆಯನ್ನು ಮನೋವಿಶ್ಲೇಷಣೆಯ ಆಳಕ್ಕಿಳಿದು ಶೋಧಿಸಿದ್ದು ‘ಶಿಕಾರಿ’ಯ ಸಾಧನೆ. ನವ್ಯ ಕಾದಂಬರಿಯ ಅನ್ಯತಾಭಾವ, ಅಸ್ತಿತ್ವದ ಆತಂಕ ಎಂಬ ವಿಮರ್ಶೆಯ ರೂಢಿಯ ಮಾತುಗಳಲ್ಲಿ ಮಾತ್ರ ಈ ಕೃತಿಯನ್ನು ಓದಿದಾಗ ಈ ಸಾಮಾಜಿಕ ಅಂಶ ಕೈತಪ್ಪುತ್ತದೆ. ನಾಗಪ್ಪನ ಆತಂಕ ಅಸ್ತಿತ್ವವಾದದಿಂದ ಬಂದುದಕ್ಕಿಂತ ಹೆಚ್ಚಾಗಿ, ಮಹಾನಗರದ ಕಂಪೆನಿಯಲ್ಲಿಯೂ ಊರು ಮುಗಿದಿಲ್ಲವೆಂಬ ಅರಿವಿನಿಂದ ಬಂದುದು.

೬

ಕೊನೆಯದಾಗಿ, ಮರಳುವಿಕೆಯ ಪ್ರಶ್ನೆ. ಮನುಸ್ಮೃತಿಯ ಅದೇ ಅಧ್ಯಾಯವು, ಪ್ರಾಯಶ್ಚಿತ್ತ ಮಾಡಿಕೊಂಡ ಪತಿತನೊಡನೆ ಬಂಧುಗಳು ಪವಿತ್ರ ಜಲಾಶಯದಲ್ಲಿ ಕೂಡಿ ಮಿಂದು, ನೀರು ತುಂಬಿದ ಹೊಸ ಕೊಡವನ್ನು ಅದರಲ್ಲಿ ಬಿಡಬೇಕೆಂದು ಹೇಳುತ್ತದೆ. ಹೊರಹಾಕಲು ಒಂದು ಕೊಡ, ಒಳಸೇರಿಸಿಕೊಳ್ಳಲು ಇನ್ನೊಂದು ಕೊಡ. ಈ ವ್ಯವಸ್ಥೆಯನ್ನು ಕೊಂಡಾಡಬೇಕಾದ ಕಾರಣವಿಲ್ಲ. ಅದು ಅಸಮಾನತೆಯ ಮೇಲೆ ನಿಂತ ವ್ಯವಸ್ಥೆ, ಎರಡನೆಯ ಕೊಡ ಯಮುನಕ್ಕನಂಥವರಿಗೆ ಎಂದೂ ದೊರೆಯಲಿಲ್ಲ. ಆದರೆ ಹೊರಹಾಕುವಿಕೆ ಸಾರ್ವಜನಿಕವಾಗಿದ್ದರೆ ಮರಳಿಸುವಿಕೆಯೂ ಸಾರ್ವಜನಿಕವಾಗಿರಬೇಕೆಂಬ ತಿಳಿವಳಿಕೆ ಅಷ್ಟು ಕಠೋರವಾದ ವ್ಯವಸ್ಥೆಗೂ ಇತ್ತೆಂಬುದನ್ನು ಅಲ್ಲಗಳೆಯಲಾಗದು.

ನಮ್ಮ ಕಛೇರಿಗಳು ಬಹಿಷ್ಕಾರದ ಅಪಮಾನವನ್ನು ಉಳಿಸಿಕೊಂಡವು, ಎರಡನೆಯ ಕೊಡವನ್ನು ಕೈಬಿಟ್ಟವು. ಹಿಂದಿ ಮತ್ತು ಮರಾಠಿಗಳಲ್ಲಿ ಸೇವೆಗೆ ಮರಳಿದವನನ್ನು ಕುರಿತು ‘ಬಹಾಲ್’ ಎನ್ನುತ್ತಾರೆ. ಮೊದಲಿನ ಸ್ಥಿತಿಯಲ್ಲಿ ಎಂಬುದು ಆ ಪಾರಸಿ ಪದದ ಅರ್ಥ. ವಜಾ, ಅಮಾನತುಗಳನ್ನು ತನ್ನದಾಗಿಸಿಕೊಂಡ ಕನ್ನಡದ ದೈನಂದಿನ ಬಳಕೆಯಲ್ಲಿ ಈ ಪದ ಹಾಗೆ ನೆಲೆಯೂರಲಿಲ್ಲ. ನಮ್ಮಲ್ಲಿರುವುದು ‘ಅಮಾನತು ತೆರವು’, ‘ಮರುನೇಮಕ’, ‘ಆರೋಪಮುಕ್ತ’ ಎಂಬ ಪದಗಳು. ಮೊದಲನೆಯದು ಆದೇಶವನ್ನು ಕುರಿತದ್ದು, ಎರಡನೆಯದು ಹುದ್ದೆಯನ್ನು ಕುರಿತದ್ದು. ಮೂರನೆಯದು ವ್ಯಕ್ತಿಯನ್ನು ಕುರಿತದ್ದಾದರೂ ಆರೋಪವನ್ನು ಜೊತೆಯಲ್ಲಿ ಹೊತ್ತೇ ತಿರುಗುತ್ತದೆ. ಹೋದ ಮಾನ ಮರಳಿತು ಎಂಬುದಕ್ಕೆ ಒಂದು ಪದವನ್ನು ನಾವು ಕಟ್ಟಿಕೊಂಡಿಲ್ಲ.

ಈ ಹಿನ್ನೆಲೆಯಲ್ಲಿ ಆಡಳಿತ ಪದಕೋಶಗಳನ್ನು ರಚಿಸುವವರೂ ಪತ್ರಿಕಾ ಬರಹಗಾರರೂ ಗಮನಿಸಬೇಕಾದ ಎರಡು ಸಂಗತಿಗಳಿವೆ. ವಜಾ, ತೆಗೆದುಹಾಕುವಿಕೆ, ಬಿಡುಗಡೆ, ಅಮಾನತು ಇವುಗಳ ನಡುವೆ ಕಾನೂನು ಉಳಿಸಿಕೊಂಡಿರುವ ವ್ಯತ್ಯಾಸವನ್ನು ಕನ್ನಡ ಬರಹವೂ ಉಳಿಸಿಕೊಳ್ಳಬೇಕು. ಏಕೆಂದರೆ ಆ ವ್ಯತ್ಯಾಸದಲ್ಲಿ ಒಬ್ಬ ವ್ಯಕ್ತಿಯ ಮುಂದಿನ ಅನ್ನವಿದೆ. ಎರಡನೆಯದಾಗಿ, ಹೊರಹಾಕಿದ ಸುದ್ದಿಗೆ ದೊರೆತ ಜಾಗ ಮರಳಿದ ಸುದ್ದಿಗೂ ದೊರೆಯಬೇಕು. ಪದಕೋಶ ಒಂದು ಪದವನ್ನು ಸೂಚಿಸಬಹುದು. ಆದರೆ ವರ್ಷಗಳ ಬಳಿಕ ಮತ್ತೆ ಕಛೇರಿಯ ಮೆಟ್ಟಿಲೇರಿದವನನ್ನು ಸಹೋದ್ಯೋಗಿಗಳು ಎದ್ದು ಬಂದು ಮಾತನಾಡಿಸಿದಾಗ ಮಾತ್ರ ಆ ಪದಕ್ಕೆ ಅರ್ಥ ಬರುತ್ತದೆ.